ಓದುಗರ ಪ್ರಶ್ನೆ: ಹದಿನೆಂಟಕ್ಕೇ ಗೆದ್ದ ಕೋಲ್ಟನ್ ಹರ್ಟಾ

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ರೇಸ್ ನೋಡುವವರು ನಾಲ್ಕೈದು ಜನ ಇದ್ದೇವೆ. ಅಮೆರಿಕದ ಕೋಲ್ಟನ್ ಹರ್ಟಾ 18 ವರ್ಷಕ್ಕೇ ಅಲ್ಲಿನ ದೊಡ್ಡ ಕಾರ್ ರೇಸ್ ಸರಣಿಯಾದ ಇಂಡಿಕಾರ್‌ನಲ್ಲಿ ರೇಸ್ ಗೆದ್ದ ಅಂತ ನಾನು ಹೇಳಿದರೆ, ‘ಅಪ್ಪ ರೇಸರ್, ಮಗನಿಗೆ ಸೀಟು ಸಿಕ್ಕಿತು, ಆ ದಿನ ಅದೃಷ್ಟವೂ ಇತ್ತು, ಅಷ್ಟೇ’ ಎನ್ನುತ್ತಾನೆ ಗೆಳೆಯ. ಯಾರ ಮಾತು ಸರಿ?
– ಓದುಗರು, ಹಾಸನ

ಉತ್ತರ: ನಿಮ್ಮ ಗೆಳೆಯ ಸುಳ್ಳು ಹೇಳಿಲ್ಲ, ಅರ್ಧ ಹೇಳಿ ನಿಲ್ಲಿಸಿದ್ದಾರೆ. ಅಪ್ಪ ಬ್ರಯನ್ ಹರ್ಟಾ ಇಂಡಿಕಾರ್‌ನಲ್ಲಿ ಹೆಸರು ಮಾಡಿದ ಚಾಲಕ, ಆಮೇಲೆ ಸ್ವಂತ ತಂಡ ಕಟ್ಟಿ 2011ರಲ್ಲಿ ಇಂಡಿಕಾರ್‌ನ ಅತಿ ದೊಡ್ಡ ರೇಸ್ ಇಂಡಿಯಾನಾಪೊಲಿಸ್ 500 ಗೆದ್ದವರು. ಅಂಥ ಮನೆಯ ಹುಡುಗ ಫೋನ್ ಮಾಡಿದರೆ ಎತ್ತುವವರು ಇರುತ್ತಾರೆ, ಅದನ್ನು ಮುಚ್ಚಿಡಬೇಕಿಲ್ಲ.

ಆದರೆ 2015ರಲ್ಲಿ ಅವನು ಏನು ಮಾಡಿದ ನೋಡಿ. ಕ್ಯಾಲಿಫೋರ್ನಿಯಾದವನು ರೇಸ್ ಓಡಿಸಲು ಇಂಗ್ಲೆಂಡಿಗೆ ಹೋದ. ಆಗ ಅವನಿಗೆ 15. ಅಪ್ಪನ ಹೆಸರು ನಡೆಯುವ ಊರಲ್ಲ ಅದು. ಅಲ್ಲಿನ ಎಳೆಯ ಚಾಲಕರ ಎಂಎಸ್‌ಎ ಫಾರ್ಮುಲಾ ಸರಣಿಯಲ್ಲಿ ಕಾರ್ಲಿನ್ ತಂಡ ಸೇರಿದ. ತಂಡದಲ್ಲಿ ಜೊತೆಗಾರ ಯಾರು ಗೊತ್ತಾ? ಲ್ಯಾಂಡೊ ನಾರಿಸ್, 2025ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ ಅದೇ ನಾರಿಸ್. ಆ ವರ್ಷ ನಾರಿಸ್ ಮೊದಲನೆಯವನು, ಹರ್ಟಾ ಮೂರನೆಯವನು. ಮರುವರ್ಷ ಯುರೋಪಿನ ಯೂರೋಫಾರ್ಮುಲಾ ಓಪನ್ ಸರಣಿಯಲ್ಲೂ ಮೂರನೇ ಸ್ಥಾನ. ಹೀಗೆ ಎರಡು ವರ್ಷ ಹೊರಗೆ ಬಡಿದಾಡಿಯೇ ಅಮೆರಿಕಕ್ಕೆ ವಾಪಸ್ ಬಂದದ್ದು.

ಬಂದವನು ಇಂಡಿಕಾರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಇಂಡಿ ಲೈಟ್ಸ್‌ನಲ್ಲಿ 2017 ಮತ್ತು 2018, ಎರಡು ಸೀಸನ್ ಓಡಿಸಿದ. ಎರಡನೇ ವರ್ಷ ಚಾಂಪಿಯನ್ ಆಗಿದ್ದು ಅವನದೇ ತಂಡದ ಮೆಕ್ಸಿಕೋ ಹುಡುಗ ಪಾಟೊ ಒ'ವಾರ್ಡ್. ಹರ್ಟಾ ಎರಡನೆಯವನು. 2019ಕ್ಕೆ ಇಬ್ಬರನ್ನೂ ಇಂಡಿಕಾರ್‌ಗೆ ಇಳಿಸುತ್ತೇವೆ ಎಂದಿತ್ತು ಹಾರ್ಡಿಂಗ್ ಸ್ಟೈನ್‌ಬ್ರೆನರ್ ತಂಡ. ಎರಡು ಕಾರಿಗೆ ಸಾಕಾಗುವಷ್ಟು ಪ್ರಾಯೋಜಕರು ಸಿಗಲಿಲ್ಲ. ಸೀಸನ್ ಶುರುವಾಗುವ ಮುಂಚೆಯೇ, ಚಾಂಪಿಯನ್ ಆದ ಒ'ವಾರ್ಡ್ ಹೊರಗೆ, ಎರಡನೆಯವನಾದ ಹರ್ಟಾ ಒಳಗೆ. ಇದನ್ನು ನೆನೆದರೆ ನನಗೆ ಈಗಲೂ ಕರುಳು ಚುರುಕ್ ಅನ್ನುತ್ತದೆ. ತಂಡದ ಮಾಲೀಕರಲ್ಲೊಬ್ಬ ಜಾರ್ಜ್ ಮೈಕಲ್ ಸ್ಟೈನ್‌ಬ್ರೆನರ್, ಅವನೂ ಇಪ್ಪತ್ತೆರಡರ ಹುಡುಗ, ಹರ್ಟಾಗೆ ಚಿಕ್ಕಂದಿನಿಂದ ಗೆಳೆಯ. ಹಾಗಾಗಿ ಸೀಟಿನ ವಿಷಯದಲ್ಲಿ ನಿಮ್ಮ ಗೆಳೆಯನ ಮಾತನ್ನು ನಾನು ಒಪ್ಪುತ್ತೇನೆ.

ಇನ್ನು ಅದೃಷ್ಟ. 2019ರ ಮಾರ್ಚ್ 24, ಟೆಕ್ಸಾಸ್‌ನ ಆಸ್ಟಿನ್, 60 ಸುತ್ತಿನ ರೇಸ್. ಹರ್ಟಾಗೆ ಇಂಡಿಕಾರ್‌ನಲ್ಲಿ ಅದು ಮೂರನೇ ರೇಸ್ ಮಾತ್ರ. ಮೊದಲಿನಿಂದಲೂ ಮುಂದಿದ್ದವರು ವಿಲ್ ಪವರ್. ಕೊನೆಯ ಸಲ ಪಿಟ್‌ಗೆ ಹೋಗಿ ಇಂಧನ, ಟೈರ್ ಹಾಕಿಸಿಕೊಳ್ಳುವ ಹೊತ್ತು. ಹರ್ಟಾ ಬೇಗ ಹೋಗಿ ಬಂದ. ಪವರ್ ಇನ್ನೂ ಹೋಗಿರಲಿಲ್ಲ. ಅಷ್ಟರಲ್ಲಿ ಪಿಟ್ ಒಳಗೆ ಹೋಗುವ ಜಾಗದ ಹತ್ತಿರವೇ ಎರಡು ಕಾರು ಒಂದಕ್ಕೊಂದು ತಾಗಿ ಹಳದಿ ಬಾವುಟ ಬಂತು. ಹಳದಿ ಬಂದರೆ ಇಂಡಿಕಾರ್‌ನಲ್ಲಿ ಪಿಟ್ ಮುಚ್ಚುತ್ತಾರೆ, ಎಲ್ಲ ಕಾರೂ ಸುರಕ್ಷತಾ ಕಾರಿನ ಹಿಂದೆ ಸಾಲಾಗಿ ನಿಧಾನಕ್ಕೆ ಹೋಗಬೇಕು. ಆಮೇಲೆ ಪಿಟ್‌ಗೆ ಹೋಗುವವರು ಸಾಲಿನ ಹಿಂದಕ್ಕೆ ಬೀಳುತ್ತಾರೆ, ಮೊದಲೇ ಹೋಗಿ ಬಂದವರು ಮುಂದಾಗುತ್ತಾರೆ. ಪಿಟ್ ತೆರೆದಾಗ ಒಳಗೆ ಹೋದ ಪವರ್ ಕಾರು ಕೆಟ್ಟು ಅಲ್ಲಿಂದ ಕದಲಲೇ ಇಲ್ಲ. ಹರ್ಟಾ ಮೊದಲ ಸ್ಥಾನಕ್ಕೆ ಬಂದ. ಇಲ್ಲಿಯವರೆಗೆ ಅದೃಷ್ಟ, ಒಪ್ಪೋಣ.

ಮುಂದಿನದನ್ನು ಗೆಳೆಯನಿಗೆ ತೋರಿಸಿ. ಹಸಿರು ಬಾವುಟ ಬಿದ್ದಾಗ ಉಳಿದದ್ದು ಹತ್ತು ಸುತ್ತಿನ ಆಸುಪಾಸು. ಬೆನ್ನಿಗೇ ಜೋಸೆಫ್ ನ್ಯೂಗಾರ್ಡನ್, 2017ರ ಚಾಂಪಿಯನ್, ಆ ವರ್ಷವೂ ಚಾಂಪಿಯನ್ ಆದವರು. ಟೈರ್ ತಣ್ಣಗಾಗಿರುತ್ತೆ, ಹಿಡಿತ ಇರಲ್ಲ, ಅಂಥ ಹೊತ್ತಲ್ಲಿ 18ರ ಹುಡುಗ ಒಂದೇ ಒಂದು ಸಲ ಬ್ರೇಕ್ ತಡವಾಗಿ ಒತ್ತಿದ್ದರೂ ಮುಗಿಯಿತು. ಅವನು ತಪ್ಪಲಿಲ್ಲ. ಅಂತರ ಬೆಳೆಸುತ್ತಾ ಹೋಗಿ ಎರಡೂವರೆ ಸೆಕೆಂಡಿಗಿಂತ ಜಾಸ್ತಿ ಅಂತರದಲ್ಲಿ ಗೆದ್ದ. 19ನೇ ಹುಟ್ಟುಹಬ್ಬಕ್ಕೆ ಇನ್ನೂ ಆರು ದಿನ ಇತ್ತು. ಅದಕ್ಕೂ ಮುಂಚೆ ಇಂಡಿಕಾರ್ ಗೆದ್ದ ಅತಿ ಕಿರಿಯ ಗ್ರಹಾಂ ರೇಹಲ್, 2008ರಲ್ಲಿ, 19 ವರ್ಷ 93 ದಿನಕ್ಕೆ. ಅವರೂ ರೇಸರ್ ಮಗನೇ.

ಹಾಗಂತ ಆ ವರ್ಷವೆಲ್ಲ ಹಬ್ಬವಾಗಿರಲಿಲ್ಲ. ಅದೇ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್ 500ಕ್ಕೆ ಐದನೇ ಸ್ಥಾನದಿಂದ ಹೊರಟವನ ಗೇರ್ ಬಾಕ್ಸ್ ಮೂರೇ ಸುತ್ತಿಗೆ ಕೈಕೊಟ್ಟಿತು. 33 ಕಾರಿನಲ್ಲಿ 33ನೆಯವನಾದ.

ಪ್ರಶ್ನೆ: ಇಷ್ಟು ಚಿಕ್ಕ ವಯಸ್ಸಿಗೇ ಗೆದ್ದವನಿಗೆ ಫಾರ್ಮುಲಾ ಒನ್ ಲೈಸೆನ್ಸ್ ಕೊಡಲಿಲ್ಲ ಅಂದರೆ ಏನರ್ಥ? ಅಮೆರಿಕದವರು ಅಂದರೆ ಯುರೋಪಿನವರಿಗೆ ತಾತ್ಸಾರವೇ?
– ಓದುಗರು, ಮೈಸೂರು

ಉತ್ತರ: ತಾತ್ಸಾರ ಅಂತ ನಾನು ಹೇಳಲ್ಲ, ಆಗಿನ ಲೆಕ್ಕವೇ ಹಾಗಿತ್ತು. ಫಾರ್ಮುಲಾ ಒನ್‌ಗೆ ಬೇಕಾದ್ದು ಸೂಪರ್ ಲೈಸೆನ್ಸ್. ಅದಕ್ಕೆ ಮೂರು ಸೀಸನ್ ಸೇರಿಸಿ 40 ಅಂಕ ಆಗಬೇಕು. ಹರ್ಟಾ ಇಂಡಿಕಾರ್‌ನಲ್ಲಿ 2019ರಲ್ಲಿ ಏಳನೆಯವನು, 4 ಅಂಕ. 2020ರಲ್ಲಿ ಮೂರನೆಯವನು, 20. 2021ರಲ್ಲಿ ಐದನೆಯವನು, 8. ಒಟ್ಟು 32. 2022ರಲ್ಲಿ ತಮ್ಮದೇ ಇನ್ನೊಂದು ಫಾರ್ಮುಲಾ ಒನ್ ತಂಡ ಆಲ್ಫಾಟೌರಿಗೆ ಅವನನ್ನು ತರಲು ರೆಡ್‌ಬುಲ್‌ನವರು ಓಡಾಡಿದರು, ರೇಸ್ ನಿಯಮ ಮಾಡುವ ವಿಶ್ವ ಸಂಸ್ಥೆ ಎಫ್‌ಐಎ ವಿನಾಯಿತಿ ಕೊಡಲಿಲ್ಲ.

ಒಬ್ಬನಿಗಾಗಿ ನಿಯಮ ಬಗ್ಗಿಸದೇ ಇದ್ದದ್ದು ಸರಿ. ಆದರೆ ಆಗಿನ ಅಂಕಪಟ್ಟಿ ನನ್ನ ಪ್ರಕಾರ ತಪ್ಪು. ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟೂನಲ್ಲಿ ಮೂರನೆಯವನಾದರೂ ಪೂರ್ತಿ 40, ಇಂಡಿಕಾರ್‌ನಲ್ಲಿ ಮೂರನೆಯವನಾದರೆ ಆಗ ಸಿಗುತ್ತಿದ್ದದ್ದು 20. ಇಂಡಿಯಾನಾಪೊಲಿಸ್‌ನಲ್ಲಿ ಗಂಟೆಗೆ 370 ಕಿಲೋಮೀಟರ್ ಹತ್ತಿರದ ವೇಗದಲ್ಲಿ ಅರ್ಹತಾ ಸುತ್ತು ಓಡಿಸುವವರ ಬೆಲೆ ಅರ್ಧವೇ? 2024ರಲ್ಲಿ ಇಂಡಿಕಾರ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂದಾಗಲೂ ಸಿಕ್ಕಿದ್ದು 30. ಕೊನೆಗೆ 2025ರಲ್ಲಿ ಫಾರ್ಮುಲಾ ಒನ್‌ನ ಕ್ಯಾಡಿಲಾಕ್ ತಂಡದ ಪರೀಕ್ಷಾ ಚಾಲಕನಾಗಲು ಒಪ್ಪಿ, ಒಂಬತ್ತು ಇಂಡಿಕಾರ್ ರೇಸ್ ಗೆದ್ದವನು 2026ಕ್ಕೆ ಹೈಟೆಕ್ ತಂಡದ ಜೊತೆ ಫಾರ್ಮುಲಾ ಟೂಗೆ ಹೊರಟ. ತನಗಿಂತ ಐದಾರು ವರ್ಷ ಚಿಕ್ಕವರ ನಡುವೆ ಮತ್ತೆ ಕೆಳಗಿನ ಮೆಟ್ಟಿಲಿಂದ ಹತ್ತುವುದು ಅಂದರೆ ಸುಮ್ನೆ ಮಾತಲ್ಲ, ಆ ಧೈರ್ಯಕ್ಕೆ ನನ್ನ ನಮಸ್ಕಾರ.

ಪ್ರಶ್ನೆ: ಅವನು ಡ್ರಮ್ಸ್ ಬಾರಿಸುತ್ತಾನಂತೆ, ನಿಜವಾ?
– ಓದುಗರು, ಶಿರಸಿ

ಉತ್ತರ: ನಿಜ. ಗೆಳೆಯರ ಜೊತೆ ‘ದಿ ಜಿಬ್ಸ್’ ಅಂತ ಒಂದು ಪಂಕ್ ಬ್ಯಾಂಡ್ ಇದೆ, ಡ್ರಮ್ಸ್ ಇವನದೇ.

ಪ್ರಶ್ನೆ: ನಾವು ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಲಗೂನಾ ಸೆಕಾ ಟ್ರ್ಯಾಕ್‌ಗೆ ಹೋಗಿದ್ದಾಗ, ಹರ್ಟಾ ಹೆಸರು ಬಂದ ಕೂಡಲೇ ಪಕ್ಕದಲ್ಲಿದ್ದ ಹಿರಿಯರು 1996ರ ಮಾತೆತ್ತಿದರು. ಆಗ ಹುಡುಗ ಹುಟ್ಟೇ ಇರಲಿಲ್ಲವಲ್ಲ?
– ಕನ್ನಡತಿ, ಸ್ಯಾನ್ ಹೋಸೆ

ಉತ್ತರ: ಅವರು ಹೇಳಿದ್ದು ಅಪ್ಪನ ಕಥೆ, ಮೇಡಂ. ಅಲ್ಲಿ ಕಾರ್ಕ್‌ಸ್ಕ್ರೂ ಎಂಬ ತಿರುವು ನೀವು ನೋಡಿರುತ್ತೀರಿ. ದಿಬ್ಬದ ತುದಿಯಿಂದ ಎಡಕ್ಕೆ, ತಕ್ಷಣ ಬಲಕ್ಕೆ ತಿರುಗುತ್ತಲೇ ಕಾರು ಸುಮಾರು 18 ಮೀಟರ್ ಕೆಳಗಿಳಿಯುತ್ತದೆ. 1996ರಲ್ಲಿ ಕೊನೆಯ ಸುತ್ತು, ಬ್ರಯನ್ ಹರ್ಟಾ ಮುಂದೆ, ಗೆಲುವು ಕೈಗೆ ಬಂದೇಬಿಟ್ಟಿತ್ತು. ಹಿಂದಿದ್ದ ಎದುರಾಳಿ ಅಲೆಕ್ಸ್ ಜನಾರ್ಡಿ ಅದೇ ತಿರುವಿನಲ್ಲಿ ಒಳಗಿನಿಂದ ನುಗ್ಗಿ, ಟ್ರ್ಯಾಕ್ ಬಿಟ್ಟು ಮಣ್ಣಿಗಿಳಿದು, ಮುಂದೆ ಹೋಗಿಬಿಟ್ಟರು. ರೇಸ್ ಜನ ಅದನ್ನು ಇವತ್ತಿಗೂ ಮರೆತಿಲ್ಲ. ಬ್ರಯನ್ 1998 ಮತ್ತು 1999ರಲ್ಲಿ ಅಲ್ಲೇ ಗೆದ್ದರು, ಆದರೂ ಜನರ ಬಾಯಲ್ಲಿ ಉಳಿದದ್ದು ಸೋತ ದಿನವೇ.

ಇಪ್ಪತ್ತು ವರ್ಷದ ಮೇಲೆ, 2019ರ ಸೆಪ್ಟೆಂಬರ್‌ನಲ್ಲಿ, ಮಗ ಅಲ್ಲಿ ಮೊದಲ ಸ್ಥಾನದಿಂದ ಹೊರಟು 90 ಸುತ್ತಿನಲ್ಲಿ 83 ಸುತ್ತು ತಾನೇ ಮುಂದಿದ್ದ. ಕೊನೆಯಲ್ಲಿ ಹಿಂದೆ ಅಂಟಿಕೊಂಡಿದ್ದವರು ಅದೇ ವಿಲ್ ಪವರ್, ಆಸ್ಟಿನ್‌ನಲ್ಲಿ ಕಾರು ಕೆಟ್ಟು ನಿಂತವರು. ಈ ಸಲ ಅವರ ಕಾರಿಗೆ ಏನೂ ಆಗಿರಲಿಲ್ಲ. ಕೊನೆಯ ಸುತ್ತಿನಲ್ಲಿ ಹುಡುಗ ಕಾರ್ಕ್‌ಸ್ಕ್ರೂ ಇಳಿದ, ಒಳಗಿನ ಬದಿಯಲ್ಲಿ ಯಾರಿಗೂ ಜಾಗ ಸಿಗಲಿಲ್ಲ.