ಗಾಳಿಯಲ್ಲಿ ಇಂಗಾಲ ಹೆಚ್ಚಿದರೆ ಮಳೆಯಾಶ್ರಿತ ಹೊಲಕ್ಕೆ ಲಾಭವೇ?

ಪ್ರಶ್ನೆ: ನಮ್ಮದು ಶಿರಾ ತಾಲ್ಲೂಕಿನಲ್ಲಿ ಮಳೆಯನ್ನೇ ನಂಬಿದ ನಾಲ್ಕು ಎಕರೆ ಕೆಂಪು ಜಮೀನು. ಎರಡು ಎಕರೆ ರಾಗಿ, ಎರಡು ಎಕರೆ ಕಡಲೆಕಾಯಿ ಹಾಕುತ್ತೇವೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಗಿಡಕ್ಕೆ ಗೊಬ್ಬರ ಕೊಟ್ಟಂತೆ, ನೀರೂ ಕಡಿಮೆ ಸಾಕು, ಆದರೆ ಆ ಲಾಭ ಕಡಲೆಕಾಯಿಗೆ ಮಾತ್ರ, ರಾಗಿಗಿಲ್ಲ ಎಂದು ಮಗ ಎಲ್ಲೋ ಓದಿ ಹೇಳಿದ. ಹಾಗಿದ್ದರೆ ರಾಗಿ ಬಿಟ್ಟು ನಾಲ್ಕು ಎಕರೆಗೂ ಕಡಲೆಕಾಯಿ ಹಾಕಬಹುದೇ? 2023ರ ಬರದಲ್ಲಿ ನಮ್ಮ ಕಡಲೆಕಾಯಿ ಬಳ್ಳಿ ಹಸಿರಾಗಿಯೇ ಇತ್ತು, ಕಿತ್ತು ನೋಡಿದರೆ ಕಾಯಿ ಇರಲಿಲ್ಲ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಉತ್ತರ: ರಾಗಿಯನ್ನು ಬಿಡಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಗ ಓದಿದ್ದು ಸುಳ್ಳಲ್ಲ. ಆದರೆ ಅದು ಬೇಕಾದಾಗ ನೀರು ಸಿಗುವ, ಹದವಾದ ಬಿಸಿಲಿರುವ ಹೊಲಕ್ಕೆ ಹೊಂದುವ ಮಾತು. ಅದನ್ನು ಶಿರಾದ ಕೆಂಪು ಮಣ್ಣಿಗೆ ಹೊಂದಿಸುವ ಮೊದಲು ಎಲೆಯೊಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ನೋಡಬೇಕು.

ಕೈಗಾರಿಕೆಗಳು ಬೆಳೆಯುವುದಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ನಿರಂತರ ಅಳತೆ ಆರಂಭವಾದಾಗ ಅದು 315ರ ಆಸುಪಾಸಿನಲ್ಲಿತ್ತು. ಈಗ 420ನ್ನು ದಾಟಿದೆ. ಈ ಅನಿಲ ಎಲೆಯೊಳಕ್ಕೆ ಹೋಗುವುದು ಪತ್ರರಂಧ್ರಗಳೆಂಬ ಅತಿ ಸಣ್ಣ ಬಾಯಿಗಳ ಮೂಲಕ. ಅವನ್ನು ನೀವೇ ನೋಡಬಹುದು. ಕಡಲೆಕಾಯಿ ಎಲೆಯ ಮೇಲೆ ಬಣ್ಣವಿಲ್ಲದ ಉಗುರುಬಣ್ಣವನ್ನು ತೆಳ್ಳಗೆ ಬಳಿದು, ಒಣಗಿದ ಮೇಲೆ ಪಾರದರ್ಶಕ ಟೇಪ್ ಅಂಟಿಸಿ ಎಬ್ಬಿಸಿ, ಅದನ್ನು ಗಾಜಿನ ಮೇಲಿಟ್ಟು ಶಾಲೆಯ ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ, ಒಂದಕ್ಕೊಂದು ಮುಖಮಾಡಿದ ಎರಡು ಅವರೆಕಾಳುಗಳಂತೆ ಈ ಬಾಯಿಗಳು ಎಲ್ಲೆಂದರಲ್ಲಿ ಚೆಲ್ಲಿಕೊಂಡಿರುವುದು ಕಾಣುತ್ತದೆ. ರಾಗಿ ಎಲೆಯಲ್ಲಾದರೆ ಅವೇ ಬಾಯಿಗಳು ಬಿತ್ತಿದ ಸಾಲಿನಂತೆ ನೇರ ಸಾಲುಗಳಲ್ಲಿರುತ್ತವೆ.

ಈ ಬಾಯಿ ತೆರೆದಾಗ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ, ಅದೇ ದಾರಿಯಲ್ಲಿ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ವ್ಯಾಪಾರ ಗಿಡಕ್ಕೆ ದುಬಾರಿಯೇ: ಕಡಲೆಕಾಯಿಯಂಥ ಗಿಡ ಒಂದು ಅಣು ಇಂಗಾಲ ಗಳಿಸಲು ನೂರಾರು ಅಣು ನೀರನ್ನು ಕಳೆದುಕೊಳ್ಳುತ್ತದೆ. ಹೊರಗಿನ ಗಾಳಿಯಲ್ಲಿ ಇಂಗಾಲ ಹೆಚ್ಚಿದ್ದರೆ ಬಾಯಿಯನ್ನು ಅರೆ ಮುಚ್ಚಿಕೊಂಡೂ ಬೇಕಾದಷ್ಟು ಒಳಗೆಳೆದುಕೊಳ್ಳಬಹುದು. ‘ನೀರು ಕಡಿಮೆ ಸಾಕು’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ.

ಇನ್ನು ಗೊಬ್ಬರದ ಮಾತು. ಭತ್ತ, ಗೋಧಿ, ತೊಗರಿ, ಹತ್ತಿ, ಕಡಲೆಕಾಯಿ ಇವೆಲ್ಲ ಸಿ-3 ಎಂಬ ಗುಂಪಿನವು. ಇವುಗಳಲ್ಲಿ ಇಂಗಾಲವನ್ನು ಹಿಡಿಯುವ ರುಬಿಸ್ಕೊ ಎಂಬ ಕಿಣ್ವ ಆಗಾಗ ತಪ್ಪಿ ಆಮ್ಲಜನಕವನ್ನು ಹಿಡಿದುಬಿಡುತ್ತದೆ, ಅದರಿಂದ ದುಡಿದದ್ದರಲ್ಲಿ ಒಂದಷ್ಟು ಪೋಲಾಗುತ್ತದೆ. ಬಿಸಿಲೇರಿದಂತೆ ಈ ತಪ್ಪು ಹೆಚ್ಚು. ಗಾಳಿಯಲ್ಲಿ ಇಂಗಾಲ ಹೆಚ್ಚಿದಂತೆ ಕಡಿಮೆ. ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ, ಕಬ್ಬು ಸಿ-4 ಗುಂಪಿನವು. ಇವು ಎಲೆಯ ನಾಳಗಳ ಸುತ್ತ ಜೀವಕೋಶಗಳ ಕವಚವೊಂದನ್ನು ಕಟ್ಟಿಕೊಂಡು, ಇಂಗಾಲವನ್ನು ಅದರೊಳಕ್ಕೆ ತುಂಬಿಸಿ ರುಬಿಸ್ಕೊಗೆ ಒದಗಿಸುತ್ತವೆ. 1966ರಲ್ಲಿ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಕಬ್ಬಿನ ಎಲೆಯಲ್ಲಿ ವಿವರಿಸಿದ್ದು ಈ ಏರ್ಪಾಡನ್ನೇ. ರಾಗಿಯ ಕಣಜ ಒಳಗೆ ಆಗಲೇ ತುಂಬಿರುವುದರಿಂದ ಹೊರಗೆ ಇಂಗಾಲ ಹೆಚ್ಚಾದರೂ ಅದಕ್ಕೆ ಹೆಚ್ಚಿನ ಲಾಭವಿಲ್ಲ. ಇದು ಅದರ ಕೊರತೆಯೆಂದು ಭಾವಿಸಬೇಡಿ. ಕಡಲೆಕಾಯಿಗೆ ಈಗ ಸಿಗುತ್ತಿರುವ ಅನುಕೂಲವನ್ನು ರಾಗಿಯ ವಂಶ ಕೋಟ್ಯಂತರ ವರ್ಷಗಳ ಹಿಂದೆಯೇ ತನ್ನದಾಗಿಸಿಕೊಂಡಿದೆ, ಮತ್ತು ಅಷ್ಟೇ ಇಂಗಾಲಕ್ಕೆ ರಾಗಿ ಖರ್ಚು ಮಾಡುವ ನೀರು ಸಿ-3 ಗಿಡದ ಖರ್ಚಿನ ಸುಮಾರು ಅರ್ಧದಷ್ಟು.

ಬಯಲಿನಲ್ಲೇ ಬೆಳೆಯ ಸುತ್ತ ಕೊಳವೆಗಳ ವರ್ತುಲ ಕಟ್ಟಿ, ಗಾಳಿ ಬೀಸುವ ದಿಕ್ಕು ನೋಡಿ ಇಂಗಾಲದ ಡೈಆಕ್ಸೈಡ್ ಬಿಡುವ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದಿವೆ. ನಮ್ಮ ದೇಶದಲ್ಲೂ ಹೈದರಾಬಾದಿನ ಒಣಬೇಸಾಯ ಸಂಶೋಧನಾ ಕೇಂದ್ರದಲ್ಲಿ, ಮೇಲ್ಭಾಗ ತೆರೆದ ಕೋಣೆಗಳಲ್ಲಿ ಬೆಳೆಗಳನ್ನು ಹೀಗೆ ಪರೀಕ್ಷಿಸಿದ್ದಾರೆ. ಬಯಲಿನ ಪ್ರಯೋಗಗಳಲ್ಲಿ ಪ್ರಮಾಣ 550ರ ಹತ್ತಿರ ಹೋದಾಗ ಸಿ-3 ಬೆಳೆಗಳ ಇಳುವರಿ ಸಾಮಾನ್ಯವಾಗಿ ಶೇ 10ರಿಂದ 20ರಷ್ಟು ಏರಿದೆ. ನೀರು ಸಾಕಷ್ಟಿದ್ದ ಮೆಕ್ಕೆಜೋಳದಲ್ಲಿ ಏರಿಕೆ ಕಂಡುಬಂದಿಲ್ಲ. ಆದರೆ ನೀರು ಕಡಿಮೆ ಬಿದ್ದ ಜೋಳ ಮತ್ತು ಮೆಕ್ಕೆಜೋಳಕ್ಕೆ, ಬಾಯಿ ಬಿಗಿಹಿಡಿದು ಉಳಿಸಿದ ತೇವದಿಂದಾಗಿ, ಇಂಗಾಲ ಹೆಚ್ಚಿದ್ದು ನೆರವಾಗಿದೆ. ನಿಮ್ಮ ರಾಗಿಗೂ ಲಾಭ ಇರುವುದಾದರೆ ಅದು ಈ ಬಗೆಯದು: ಎರಡು ಮಳೆಗಳ ನಡುವೆ ಕೆಲವು ದಿನ ಹೆಚ್ಚು ತಾಳಿಕೊಳ್ಳುವ ಶಕ್ತಿ.

ಉಳಿದ ನೀರು ಮಣ್ಣಿನಲ್ಲಿ ಹಾಗೆಯೇ ಉಳಿಯುತ್ತದೆಯೇ ಎಂಬುದು ಮುಖ್ಯ ಪ್ರಶ್ನೆ, ನಾನು ಹೆಚ್ಚು ಚಿಂತಿಸುವುದೂ ಇದರ ಬಗ್ಗೆಯೇ. ಅದನ್ನು ವಾಪಸು ಕಿತ್ತುಕೊಳ್ಳುವ ದಾರಿಗಳು ಮೂರು. ಇಂಗಾಲ ಹೆಚ್ಚಾದಾಗ ಎಲೆಯೂ ಹೆಚ್ಚು ಬರುತ್ತದೆ. ಒಂದೊಂದು ಎಲೆ ನೀರು ಉಳಿಸಿದರೂ ಎಲೆಗಳ ಲೆಕ್ಕ ಏರಿ ಒಟ್ಟು ಖರ್ಚು ಮೊದಲಿನಷ್ಟೇ ಆಗಬಹುದು. ಬಾಯಿ ಅರೆ ಮುಚ್ಚಿದ ಎಲೆ ಬೆವರಿ ತಂಪಾಗಲಾರದೆ ಇನ್ನಷ್ಟು ಕಾಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಆವಿಯ ಪ್ರಮಾಣ ಸುಮಾರು ಶೇ 7ರಷ್ಟು ಏರುವುದರಿಂದ, ಒಣ ಗಾಳಿ ಎಲೆಯಿಂದಲೂ ನೆಲದಿಂದಲೂ ಹೆಚ್ಚು ನೀರನ್ನು ಹೀರುತ್ತದೆ. ಅಮೆರಿಕದ ಇಲಿನಾಯ್‌ನಲ್ಲಿ ಸೋಯಾ ಅವರೆಯ ಮೇಲೆ ಎಂಟು ವರ್ಷ ನಡೆದು 2016ರಲ್ಲಿ ಪ್ರಕಟವಾದ ಬಯಲು ಪ್ರಯೋಗದಲ್ಲಿ, ಬಿಸಿಲು ಮತ್ತು ಬರ ತೀವ್ರವಾದ ವರ್ಷಗಳಲ್ಲಿ ಹೆಚ್ಚಿನ ಇಂಗಾಲದ ಲಾಭ ಕರಗಿಹೋದದ್ದು ಕಂಡುಬಂತು. ಸೋಯಾ ಅವರೆಯೂ ಕಡಲೆಕಾಯಿಯಂತೆ ಸಿ-3 ಗುಂಪಿನ ದ್ವಿದಳ ಬೆಳೆ ಎಂಬುದನ್ನು ಗಮನಿಸಿ.

ಈಗ ನಿಮ್ಮ 2023ರ ಕಡಲೆಕಾಯಿಗೆ ಬರುತ್ತೇನೆ. ಆ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಜುಲೈನಲ್ಲಿ ಬಿತ್ತಿದ ಕಡಲೆಕಾಯಿ ಹೂ ಬಿಟ್ಟು, ಹೂವಿನ ಬುಡದಿಂದ ಸೂಜಿಯಂಥ ಎಳೆ ಮಣ್ಣಿಗಿಳಿಯುವುದು ಸರಿಯಾಗಿ ಆಗಸ್ಟ್ ತಿಂಗಳಲ್ಲೇ. ಕೆಂಪು ಮಣ್ಣು ಒಣಗಿದರೆ ಮೇಲ್ಪದರ ಗಟ್ಟಿ ಹೆಪ್ಪಾಗುತ್ತದೆ, ಎಳೆಯ ತುದಿ ಅದನ್ನು ಚುಚ್ಚಲಾರದೆ ಅಲ್ಲೇ ಬಾಡುತ್ತದೆ. ಹೇಗೋ ಇಳಿದರೂ ಕಾಯಿ ಕಟ್ಟಲು ಬೇಕಾದ ಕ್ಯಾಲ್ಸಿಯಂ ಬೇರಿನಿಂದ ಬರುವುದಿಲ್ಲ. ಎಳೆಗಾಯಿಯೇ ತನ್ನ ಸುತ್ತಲ ತೇವದಿಂದ ಅದನ್ನು ನೇರವಾಗಿ ಹೀರಿಕೊಳ್ಳಬೇಕು. ಬೇರು ಕೆಳಗಿನ ಪದರದ ತೇವ ಹಿಡಿದು ಬಳ್ಳಿಯನ್ನು ಹಸಿರಾಗಿಟ್ಟಿದ್ದರೂ ಮೇಲಿನ ಎರಡು ಮೂರು ಅಂಗುಲ ಮಣ್ಣು ಒಣಗಿದ್ದರೆ ಕಾಯಿ ಆಗುವುದಿಲ್ಲ. ನೀವು ಕಿತ್ತು ನೋಡಿದ ಗಿಡದಲ್ಲಿ ಆದದ್ದು ಇದೇ ಇರಬೇಕು. ಇದಕ್ಕೆ ಇಂಗಾಲ ನೇರ ಕಾರಣವಲ್ಲ, ಆದರೆ ಇಂಗಾಲ ಎಷ್ಟು ಹೆಚ್ಚಿದರೂ ಈ ಪೆಟ್ಟು ತಪ್ಪುವುದಿಲ್ಲ. ಬಿಸಿಲಿನ ವಿಷಯವೂ ಹೀಗೆಯೇ: ಹಗಲಿನ ಉಷ್ಣತೆ 34–35 ಡಿಗ್ರಿಯನ್ನು ಮೀರತೊಡಗಿದರೆ ಕಡಲೆಕಾಯಿಯ ಪರಾಗ ಸತ್ವ ಕಳೆದುಕೊಳ್ಳುತ್ತದೆ, ಹೆಚ್ಚಿನ ಇಂಗಾಲ ಕೊಟ್ಟು ಬೆಳೆಸಿದ ಗಿಡಗಳಲ್ಲೂ ಈ ನಷ್ಟ ಕಡಿಮೆಯಾಗಿಲ್ಲ. ಬಳ್ಳಿ ಸೊಂಪಾಗಿ ಬಂದು ಕಾಯಿ ಕಡಿಮೆಯಾಗುವ ವರ್ಷಗಳು ಮುಂದೆಯೂ ಬರಬಹುದೆಂಬ ಆತಂಕ ನನಗಿದೆ.

ರಾಗಿಯ ನಡತೆ ಬೇರೆ. ಮಧ್ಯಾಹ್ನ ಎಲೆ ಸುರುಳಿ ಸುತ್ತಿಕೊಂಡು ಸತ್ತಂತೆ ನಿಂತ ಪೈರು, ಒಂದು ಹದ ಮಳೆ ಬಿದ್ದರೆ ಮತ್ತೆ ತೆಂಡೆ ಒಡೆದು ಏಳುವುದನ್ನು ನೀವು ನನಗಿಂತ ಹೆಚ್ಚು ಕಂಡಿದ್ದೀರಿ. ತೆನೆ ಹೊರಡುವ ಹೊತ್ತಿನ ಬರವನ್ನು ಮಾತ್ರ ಅದೂ ತಾಳಲಾರದು. ಮನೆಯ ಊಟದ ದೃಷ್ಟಿಯಿಂದ ಇನ್ನೊಂದು ಮಾತು: ಹೆಚ್ಚಿನ ಇಂಗಾಲದಲ್ಲಿ ಬೆಳೆದ ಗೋಧಿ ಮತ್ತು ಅಕ್ಕಿಯಲ್ಲಿ ಪ್ರೋಟೀನು, ಕಬ್ಬಿಣ, ಸತು ಶೇ 3ರಿಂದ 10ರಷ್ಟು ಕುಗ್ಗುತ್ತವೆ ಎಂದು ಪ್ರಯೋಗಗಳು ತೋರಿಸಿವೆ, ಸಿ-4 ಧಾನ್ಯಗಳಲ್ಲಿ ಈ ಕುಗ್ಗುವಿಕೆ ಕಡಿಮೆ.

ಆದ್ದರಿಂದ ಎರಡೂ ಬೆಳೆ ಇರಲಿ. ರಾಗಿಯ ನಡುವೆ ತೊಗರಿ, ಅವರೆಯ ಅಕ್ಕಡಿ ಸಾಲು ಬಿಟ್ಟಿದ್ದರೆ ಮತ್ತೆ ಹಾಕಿ. ತೊಗರಿಯ ಆಳದ ಬೇರು ರಾಗಿಗೆ ನಿಲುಕದ ತೇವವನ್ನು ಬಳಸುತ್ತದೆ. ಕೊಟ್ಟಿಗೆ ಗೊಬ್ಬರವನ್ನು ಮೊದಲು ಕಡಲೆಕಾಯಿ ತಾಕಿಗೆ ಹಾಕಿದರೆ ಮೇಲ್ಪದರ ಹೆಪ್ಪುಗಟ್ಟುವುದು ಕಡಿಮೆಯಾಗುತ್ತದೆ. ಬದು ಸರಿಮಾಡಿ ಒಂದು ಕೃಷಿ ಹೊಂಡ ತೆಗೆಸಲು ಸಾಧ್ಯವಾದರೆ, ಅದರ ನೀರನ್ನು ನಾಲ್ಕು ಎಕರೆಗೂ ಹಂಚಲು ಹೋಗಬೇಡಿ. ಹೂ ಬಿಟ್ಟ ಕಡಲೆಕಾಯಿಯ ಎಳೆಗಳು ನೆಲ ಮುಟ್ಟುತ್ತಿರುವ ವಾರದಲ್ಲಿ ಮಳೆ ಕೈಕೊಟ್ಟರೆ, ಮೇಲಿನ ಮೂರು ಅಂಗುಲ ಮಣ್ಣು ನೆನೆಯುವಷ್ಟು ತುಂತುರು ನೀರನ್ನು ಆ ಎರಡು ಎಕರೆಗೆ ಮಾತ್ರ ಕೊಡಿ.