ಕಡಲತಡಿಯ ಟೈಮ್‌ಶೇರ್: ಕಂಪನಿಯಿಂದಲೋ, ಹಳೆಯ ಮಾಲೀಕರಿಂದಲೋ?

ಟೈಮ್‌ಶೇರ್ ಎಂದರೆ ರೆಸಾರ್ಟಿನ ಮನೆಯೊಂದನ್ನು ಸಾಮಾನ್ಯವಾಗಿ ವರ್ಷಕ್ಕೆ ಒಂದು ವಾರ ಬಳಸುವ ಹಕ್ಕನ್ನು ಕೊಳ್ಳುವುದು. ಅಮೆರಿಕದಲ್ಲಿರುವ ಓದುಗರಿಂದ ಅದರ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಫ್ಲಾರಿಡಾದ ಬೀಚ್ ರೆಸಾರ್ಟ್ ಒಂದರಲ್ಲಿ ವರ್ಷಕ್ಕೆ ಒಂದು ವಾರ, ಎರಡು ಬೆಡ್‌ರೂಮಿನ ಮನೆಗೆ 24,000 ಡಾಲರ್ ಹೇಳಿದರು. ಇವತ್ತೇ ಸಹಿ ಹಾಕಿದರೆ ಮಾತ್ರ ಈ ರೇಟು ಅಂದರು. ಅದೇ ರೆಸಾರ್ಟಿನ ಅಂಥದೇ ವಾರವನ್ನು ಹಳೆಯ ಮಾಲೀಕರೊಬ್ಬರು 2,000 ಡಾಲರಿಗೆ ಮಾರಾಟಕ್ಕೆ ಇಟ್ಟಿದ್ದಾರೆ. ಇಷ್ಟು ಅಂತರ ಹೇಗೆ? ಅಗ್ಗದ್ದರಲ್ಲಿ ಏನಾದರೂ ಐಬಿದೆಯೇ? — ಅಟ್ಲಾಂಟಾದ ಓದುಗರು

ಉತ್ತರ: ಮನೆ ಅದೇ, ಮಂಚ ಅದೇ, ಸಮುದ್ರವೂ ಅದೇ. ನಿಮ್ಮನ್ನು ಕರೆದು ಕೂರಿಸಲು ಕೊಟ್ಟ ಅಗ್ಗದ ರೂಮು, ಉಡುಗೊರೆ, ಮಾರಾಟಗಾರರ ಕಮಿಷನ್, ಜಾಹೀರಾತು ಎಲ್ಲದರ ಖರ್ಚೂ ಆ 24,000ದೊಳಗೆ ಸೇರಿದೆ. ನೀವು ಸಹಿ ಹಾಕಿದ ಮರುದಿನ ಅದನ್ನೇ ಮಾರಲು ಹೊರಟರೆ ಆ ಖರ್ಚನ್ನು ಕಟ್ಟಿಕೊಡುವವರು ಯಾರೂ ಇರುವುದಿಲ್ಲ. ಹಾಗಾಗಿ 2,000 ಡಾಲರ್ ಎನ್ನುವುದೇ ಮಾರುಕಟ್ಟೆಯ ನಿಜವಾದ ಬೆಲೆ. ಒಂದು ಡಾಲರಿಗೆ ಕೊಡುತ್ತೇವೆ ಎನ್ನುವವರೂ ಇದ್ದಾರೆ. ಅವರು ನಿಮ್ಮನ್ನು ಮೋಸಗೊಳಿಸಲು ಹೊರಟವರೆಂದೇನಲ್ಲ, ವರ್ಷವರ್ಷ ಬರುವ ಮೇಂಟೆನೆನ್ಸ್ ಫೀಯಿಂದ ಬಿಡುಗಡೆ ಬೇಕಾದವರು. ಐಬು ಇರುವುದಾದರೆ ಅಲ್ಲೇ ಇದೆ, ಮತ್ತು ಅದು ಕಂಪನಿಯಿಂದ ಕೊಂಡರೂ ಅಷ್ಟೇ ಇರುತ್ತದೆ.

ಲೆಕ್ಕ ಹಾಕಿ ನೋಡೋಣ. ಈಗಿನ ಮೇಂಟೆನೆನ್ಸ್ ಫೀ ವರ್ಷಕ್ಕೆ 1,200 ಡಾಲರ್, ವರ್ಷಕ್ಕೆ ಶೇ. 5ರಂತೆ ಏರುತ್ತದೆ ಎಂದಿಟ್ಟುಕೊಳ್ಳಿ. 10 ವರ್ಷದಲ್ಲಿ ಕಟ್ಟುವ ಒಟ್ಟು ಫೀ ಸುಮಾರು 15,100. ಹಳೆಯ ಮಾಲೀಕರಿಂದ 2,000ಕ್ಕೆ ಕೊಂಡು, ಕಾಗದಪತ್ರ ಹಾಗೂ ವರ್ಗಾವಣೆಗೆ 700 ಹಾಕಿದರೆ ಹತ್ತು ವರ್ಷದ ಒಟ್ಟು ಖರ್ಚು 17,800, ಅಂದರೆ ಒಂದು ವಾರದ ರಜೆಗೆ 1,780. ಕಂಪನಿಗೆ 24,000 ನಗದು ಕೊಟ್ಟರೆ ಒಂದು ವಾರಕ್ಕೆ 3,910 ಬೀಳುತ್ತದೆ. ಅವರದೇ ಸಾಲ ತೆಗೆದುಕೊಂಡರೆ? ಶೇ. 10 ಮುಂಗಡ, ಉಳಿದ 21,600ಕ್ಕೆ ಶೇ. 15 ಬಡ್ಡಿ, 10 ವರ್ಷದ ಕಂತು. ತಿಂಗಳಿಗೆ 348 ಡಾಲರ್ ಕಟ್ಟಿ ಮುಗಿಸುವಷ್ಟರಲ್ಲಿ ಸಾಲದ ಬಾಬ್ತೇ 41,800 ಆಗಿರುತ್ತದೆ, ಮುಂಗಡ ಮತ್ತು ಫೀ ಸೇರಿಸಿದರೆ ವಾರಕ್ಕೆ 5,900ಕ್ಕಿಂತ ಹೆಚ್ಚು. ಟೈಮ್‌ಶೇರ್ ಕಂಪನಿಗಳ ಸಾಲದಲ್ಲಿ ಈ ಬಡ್ಡಿದರ ಅಪರೂಪವೇನಲ್ಲ.

ಈಗ ನಾಲ್ಕನೆಯ ಅಂಕಿಯೊಂದನ್ನು ನೀವೇ ಹುಡುಕಿ: ಅದೇ ರೆಸಾರ್ಟಿನಲ್ಲಿ, ಅದೇ ವಾರಕ್ಕೆ ಮಾಲೀಕರೊಬ್ಬರು ಬಾಡಿಗೆಗೆ ಕೊಡುವ ಬೆಲೆ. ಅದು 1,500 ಎಂದಾದರೆ ಯಾವುದನ್ನೂ ಕೊಳ್ಳುವ ಅಗತ್ಯವೇ ಇಲ್ಲ. ಈ ಒಂದು ಅಂಕಿಯನ್ನು ನೋಡದೆ ಕೊಂಡವರೇ ಹೆಚ್ಚು.

ಹಾಗಾದರೆ ಕಂಪನಿಯಿಂದ ಕೊಳ್ಳುವುದರಲ್ಲಿ ಏನೂ ಲಾಭವಿಲ್ಲವೇ ಎಂದರೆ, ಇದೆ. ಕೆಲವು ಸವಲತ್ತುಗಳು ಮೊದಲ ಖರೀದಿದಾರರಿಗಷ್ಟೇ ಸಿಗುತ್ತವೆ, ಕೈಬದಲಾದಾಗ ಜೊತೆಗೆ ಬರುವುದಿಲ್ಲ. ಕೆಲವು ಕಂಪನಿಗಳು ನಿಗದಿತ ವಾರದ ಬದಲು ಪಾಯಿಂಟುಗಳನ್ನು ಮಾರುತ್ತವೆ, ಅವನ್ನು ಬಳಸಿ ದಿನಗಳನ್ನು ಬುಕ್ ಮಾಡಬೇಕು. ವಿಂಡಮ್ ಕಂಪನಿಯಲ್ಲಿ ರೀಸೇಲ್ ಪಾಯಿಂಟುಗಳಿಗೆ, ಅಂದರೆ ಹಳೆಯ ಮಾಲೀಕರಿಂದ ಕೊಂಡವಕ್ಕೆ, ಹೆಚ್ಚಿನ ಸವಲತ್ತಿನ ವಿಐಪಿ ದರ್ಜೆ ದಕ್ಕುವುದಿಲ್ಲ. ಮ್ಯಾರಿಯಟ್ 2010ರಲ್ಲಿ ಪಾಯಿಂಟ್ ಪದ್ಧತಿ ತಂದಿತು. ಆಮೇಲೆ ಹಳೆಯ ಮಾಲೀಕರಿಂದ ಕೊಂಡ ವಾರಗಳಿಗೆ ಅದರೊಳಗೆ ನೇರ ಪ್ರವೇಶವಿಲ್ಲ, ಆದರೆ ಆ ವಾರವನ್ನು ವಾರವಾಗಿಯೇ ಬಳಸಲು ಅಡ್ಡಿಯಿಲ್ಲ. ಡಿಸ್ನಿಯ ಟೈಮ್‌ಶೇರ್ ಯೋಜನೆಯಾದ ಡಿಸ್ನಿ ವೆಕೇಶನ್ ಕ್ಲಬ್‌ನ ಹಳೆಯ 14 ರೆಸಾರ್ಟುಗಳ ಪಾಯಿಂಟುಗಳನ್ನು 2019ರ ಜನವರಿ 19ರ ನಂತರ ರೀಸೇಲ್‌ನಲ್ಲಿ ಕೊಂಡಿದ್ದರೆ ರಿವಿಯೆರಾದಂಥ ಕೆಲವು ಹೊಸ ರೆಸಾರ್ಟುಗಳಲ್ಲಿ ಅವು ನಡೆಯುವುದಿಲ್ಲ. ಆದರೆ ನಿಮಗೆ ಬೇಕಿರುವುದು ಹಿಲ್ಟನ್ ಹೆಡ್ ದ್ವೀಪದ ಡಿಸ್ನಿ ರೆಸಾರ್ಟ್ ಮಾತ್ರ ಎಂದಾದರೆ, ಅಲ್ಲಿನ ರೀಸೇಲ್ ಮಾಲೀಕರಿಗೂ ಮೊದಲ ಖರೀದಿದಾರರಂತೆಯೇ 11 ತಿಂಗಳು ಮೊದಲು ಬುಕ್ ಮಾಡುವ ಹಕ್ಕಿದೆ.

ಆದ್ದರಿಂದ ಮಾರಾಟಗಾರರು ಹೇಳಿದ ಸವಲತ್ತುಗಳನ್ನು ಕಾಗದದ ಮೇಲೆ ಬರೆದು, ಖಂಡಿತ ಬಳಸುತ್ತೇವೆ ಎನ್ನುವಂಥವನ್ನು ಮಾತ್ರ ಉಳಿಸಿ, ಪ್ರತಿಯೊಂದರ ಮುಂದೆ ವರ್ಷಕ್ಕೆ ಎಷ್ಟು ಡಾಲರ್ ಉಳಿತಾಯ ಎಂದು ಹಾಕಿ. 22,000ದ ಅಂತರವನ್ನು ಅದು ತುಂಬುವುದು ಬಹಳ ಅಪರೂಪ. ವರ್ಷಕ್ಕೆ ಮೂರು ನಾಲ್ಕು ವಾರ ಒಂದೇ ಬ್ರ್ಯಾಂಡಿನ ಬೇರೆಬೇರೆ ರೆಸಾರ್ಟುಗಳಲ್ಲಿ ಕಳೆಯುವವರಿಗೆ ಒಮ್ಮೊಮ್ಮೆ ತುಂಬುತ್ತದೆ. ಒಂದೇ ಬೀಚಿಗೆ ಒಂದೇ ವಾರ ಹೋಗುವ ಕುಟುಂಬಕ್ಕೆ ತುಂಬಲಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಇನ್ನು "ಇವತ್ತೇ ಕೊನೆ" ಎಂಬ ಬೆಲೆ ಮುಂದಿನ ವಾರವೂ ಸಿಗುತ್ತದೆ, ಚಿಂತೆ ಬೇಡ.

ಪ್ರಶ್ನೆ: ನಾವು ನಾಲ್ಕು ದಿನದ ಹಿಂದೆ ಫ್ಲಾರಿಡಾದಲ್ಲಿ ಸಹಿ ಹಾಕಿಬಿಟ್ಟೆವು. ಈಗ ಬೇಡವೆನಿಸಿದೆ. ದಾರಿ ಇದೆಯೇ? — ಒರ್ಲ್ಯಾಂಡೊ

ಇದೆ, ಆದರೆ ಇವತ್ತೇ ಮಾಡಿ. ಫ್ಲಾರಿಡಾದಲ್ಲಿ ಸಹಿ ಹಾಕಿದ ದಿನ ಅಥವಾ ಎಲ್ಲ ಕಾಗದಪತ್ರ ಕೈಸೇರಿದ ದಿನ, ಎರಡರಲ್ಲಿ ಯಾವುದು ತಡವೋ ಅಲ್ಲಿಂದ 10 ದಿನದೊಳಗೆ ಕಾರಣ ಹೇಳದೆ ರದ್ದು ಮಾಡಬಹುದು. ಹವಾಯಿ ಮತ್ತು ಕ್ಯಾಲಿಫೋರ್ನಿಯಾದಲ್ಲಿ 7 ದಿನ, ಸೌತ್ ಕ್ಯಾರೊಲೈನಾದಲ್ಲಿ 5 ದಿನ, ಮೆಕ್ಸಿಕೊದಲ್ಲಿ 5 ಕೆಲಸದ ದಿನ. ಯುರೋಪಿಯನ್ ಒಕ್ಕೂಟದಲ್ಲಿ 14 ದಿನ, ಆ ಅವಧಿಯಲ್ಲಿ ಮುಂಗಡ ಪಡೆಯುವುದಕ್ಕೂ ಅಲ್ಲಿ ನಿಷೇಧ. ಲೆಕ್ಕಕ್ಕೆ ಬರುವುದು ಆಸ್ತಿ ಇರುವ ಅಥವಾ ಕರಾರು ನಡೆದ ಜಾಗದ ಕಾನೂನು, ನೀವು ವಾಸಿಸುವ ಊರಿನದಲ್ಲ.

ಕರಾರಿನಲ್ಲಿ ರದ್ದತಿಗೆಂದು ಕೊಟ್ಟ ವಿಳಾಸ ಹುಡುಕಿ. ಕರಾರು ಸಂಖ್ಯೆ, ಸಹಿ ದಿನಾಂಕ, ಖರೀದಿದಾರರೆಲ್ಲರ ಹೆಸರು, "ಈ ಕರಾರನ್ನು ರದ್ದು ಮಾಡುತ್ತಿದ್ದೇವೆ, ಕಟ್ಟಿದ ಹಣ ವಾಪಸ್ ಕೊಡಿ" ಎಂಬ ಒಂದು ಸಾಲು, ಎಲ್ಲರ ಸಹಿ. ಇಷ್ಟು ಸಾಕು. ಸರ್ಟಿಫೈಡ್ ಅಂಚೆಯಲ್ಲಿ, ತಲುಪಿದ ರಸೀದಿ ಬರುವಂತೆ ಕಳಿಸಿ, ಪತ್ರದ ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ. ಕರಾರಿನಲ್ಲಿ ಇಮೇಲ್ ಅಥವಾ ಫ್ಯಾಕ್ಸ್‌ಗೂ ಅವಕಾಶವಿದ್ದರೆ ಅದನ್ನೂ ಮಾಡಿ. ಮಾರಾಟ ಮಾಡಿದವರಿಗೆ ಫೋನ್ ಮಾಡಬೇಡಿ. ಮಾತಿನಲ್ಲಿ ಹೇಳಿದ ರದ್ದತಿಗೆ ಬೆಲೆಯಿಲ್ಲ, "ಮ್ಯಾನೇಜರ್ ವಾಪಸ್ ಫೋನ್ ಮಾಡುತ್ತಾರೆ" ಎನ್ನುವಷ್ಟರಲ್ಲಿ ಗಡುವು ಕಳೆದಿರುತ್ತದೆ.

ಪ್ರಶ್ನೆ: ಹಳೆಯ ಮಾಲೀಕರಿಂದಲೇ ಕೊಳ್ಳುವುದೆಂದು ತೀರ್ಮಾನಿಸಿದ್ದೇವೆ. ಯಾವ ಯಾವ ಕಾಗದ ನೋಡಬೇಕು, ಎಲ್ಲಿ ಎಡವಟ್ಟಾಗುತ್ತದೆ? — ಷಾರ್ಲಟ್

ಮೊದಲಿಗೆ ಒಂದು ಎಚ್ಚರಿಕೆ. ಮೇಲೆ ಹೇಳಿದ ರದ್ದತಿಯ ದಿನಗಳು ಮುಖ್ಯವಾಗಿ ಕಂಪನಿಯ ಮಾರಾಟಕ್ಕೆ. ವ್ಯಕ್ತಿಯಿಂದ ವ್ಯಕ್ತಿ ಕೊಳ್ಳುವಾಗ ಆ ರಕ್ಷಣೆ ಇದ್ದೇ ಇದೆ ಎಂದುಕೊಳ್ಳಬೇಡಿ. ಪರಿಶೀಲನೆಯೆಲ್ಲ ಸಹಿಗೆ ಮೊದಲೇ ಮುಗಿಯಬೇಕು.

ಎಸ್ಟಾಪಲ್ ಎಂಬ ಪತ್ರವನ್ನು ರೆಸಾರ್ಟಿನ ಆಡಳಿತದಿಂದ ಪಡೆಯುವುದು ಎಲ್ಲಕ್ಕಿಂತ ಮುಖ್ಯ. ಮಾಲೀಕರ ಹೆಸರು, ಯೂನಿಟ್, ವಾರ ಅಥವಾ ಪಾಯಿಂಟುಗಳ ಸಂಖ್ಯೆ, ಫೀ ಬಾಕಿ, ಸಾಲ ಬಾಕಿ, ಈಗಾಗಲೇ ಬುಕ್ ಆಗಿರುವ ದಿನಗಳು, ವರ್ಗಾವಣೆ ಶುಲ್ಕ ಎಲ್ಲವೂ ಅದರಲ್ಲಿರುತ್ತವೆ. ಮಾರುವವರ ಬಾಯಿಮಾತಿಗೂ ಈ ಪತ್ರಕ್ಕೂ ತಾಳೆಯಾಗದಿರುವುದು ಮಾಮೂಲು. "ಪ್ರತಿ ವರ್ಷ" ಎಂದು ಹೇಳಿದ್ದು ಎರಡು ವರ್ಷಕ್ಕೊಮ್ಮೆ, ಅದೂ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ ಎಂದಿರುತ್ತದೆ. "ಜುಲೈ ವಾರ" ಎಂದಿದ್ದು ನಿಗದಿತ ವಾರವಾಗಿರದೆ, ಬೇಸಿಗೆಯ ಸೀಸನ್ನಿನೊಳಗೆ ಸಿಕ್ಕಿದ್ದನ್ನು ಬುಕ್ ಮಾಡುವ ಹಕ್ಕಷ್ಟೇ ಆಗಿರುತ್ತದೆ. ಪಾಯಿಂಟುಗಳಾದರೆ ಮಾರುವವರು ಮುಂದಿನ ವರ್ಷದ್ದನ್ನೂ ಎರವಲು ಪಡೆದು ಖಾಲಿ ಮಾಡಿರುತ್ತಾರೆ. ನೀವು ಎರಡು ವರ್ಷ ಫೀ ಕಟ್ಟುತ್ತ ಕೂರಬೇಕು. "ಸಮುದ್ರಕ್ಕೆ ಎದುರು" ಮತ್ತು "ಸಮುದ್ರ ಕಾಣುವ" ಎಂಬವು ಬೇರೆಬೇರೆ ದರ್ಜೆಗಳು, ಎರಡನೆಯದರಲ್ಲಿ ಬಾಲ್ಕನಿಯ ಮೂಲೆಯಿಂದ ಕತ್ತು ಚಾಚಿದರೆ ನೀರು ಕಂಡೀತು.

ಡೀಡಿನ, ಅಂದರೆ ನೋಂದಾಯಿತ ಮಾಲೀಕತ್ವ ಪತ್ರದ, ಪ್ರತಿ ಕೇಳಿ. ಅದರಲ್ಲಿ ಇಬ್ಬರ ಹೆಸರಿದ್ದರೆ ಇಬ್ಬರೂ ಸಹಿ ಹಾಕಬೇಕು. ಒಬ್ಬರು ತೀರಿಕೊಂಡಿದ್ದರೆ ಮರಣಪತ್ರ, ಕೆಲವೊಮ್ಮೆ ಕೋರ್ಟಿನ ಆದೇಶವೂ ಬೇಕಾಗುತ್ತದೆ. ವಿಚ್ಛೇದನವಾಗಿದ್ದರೆ ಆ ತೀರ್ಪು ಬೇಕು. ರೀಸೇಲ್ ತಿಂಗಳುಗಟ್ಟಲೆ ನಿಂತುಹೋಗುವುದು ಬಹುಮಟ್ಟಿಗೆ ಇಲ್ಲಿಯೇ. ಡೀಡೇ ಇಲ್ಲದೆ ಬರೀ ಬಳಕೆಯ ಹಕ್ಕು ಎಂದಾದರೆ ಎಷ್ಟು ವರ್ಷ ಉಳಿದಿದೆ ಎಂದು ನೋಡಿ. ಅವಧಿ ಮುಗಿಯುವ ಡೀಡುಗಳೂ ಇವೆ: ಡಿಸ್ನಿಯ ವೀರೊ ಬೀಚ್ ಮತ್ತು ಹಿಲ್ಟನ್ ಹೆಡ್ ಕರಾರುಗಳು 2042ರ ಜನವರಿ 31ಕ್ಕೆ ಮುಗಿಯುತ್ತವೆ, ಹವಾಯಿಯ ಔಲಾನಿಯದು 2062ಕ್ಕೆ. ಮೆಕ್ಸಿಕೊದಲ್ಲಿ ಕರಾವಳಿಯಿಂದ 50 ಕಿ.ಮೀ. ಒಳಗೆ ವಿದೇಶಿಯರು ನೇರವಾಗಿ ಭೂಮಿಯ ಒಡೆಯರಾಗುವಂತಿಲ್ಲ. ಅಲ್ಲಿನ ಬೀಚ್ ಟೈಮ್‌ಶೇರ್‌ಗಳಲ್ಲಿ ಹೆಚ್ಚಿನವು ಬಳಕೆಯ ಹಕ್ಕುಗಳೇ.

ಕರಾರಿನಲ್ಲಿ ಮೂರು ವಿಷಯ ಬರೆಸಿ: ಈ ವರ್ಷದ ಫೀ ಯಾರದು, ವರ್ಗಾವಣೆ ಹಾಗೂ ನೋಂದಣಿ ಖರ್ಚು ಯಾರದು, ನಿಮ್ಮ ಬಳಕೆ ಯಾವ ವರ್ಷದಿಂದ ಶುರು. ಮಾರುವವರು ತುಂಬ ಅವಸರದಲ್ಲಿದ್ದರೆ ಮೊದಲೆರಡನ್ನೂ ಅವರೇ ಹೊರಲು ಒಪ್ಪುವುದುಂಟು, ಕೇಳಲು ಸಂಕೋಚ ಬೇಡ. ಹಣವನ್ನು ಅವರ ಕೈಗೆ ಕೊಡಬೇಡಿ, ಆಸ್ತಿ ವರ್ಗಾವಣೆ ನೋಡಿಕೊಳ್ಳುವ, ಪರವಾನಗಿ ಇರುವ ಟೈಟಲ್ ಕಂಪನಿಯ ಎಸ್ಕ್ರೋ ಖಾತೆಗೆ (ವ್ಯವಹಾರ ಮುಗಿಯುವವರೆಗೆ ಹಣ ಹಿಡಿದಿಡುವ ಖಾತೆ) ಹಾಕಿ. ಡಿಸ್ನಿ, ಮ್ಯಾರಿಯಟ್, ಹಿಲ್ಟನ್‌ನಂಥ ಕಂಪನಿಗಳಿಗೆ ಅದೇ ಬೆಲೆಗೆ ತಾವೇ ಕೊಳ್ಳುವ ಮೊದಲ ಹಕ್ಕು ಇರುತ್ತದೆ. ಅವರ ಉತ್ತರಕ್ಕೆ ಒಂದು ತಿಂಗಳವರೆಗೆ ಕಾಯಬೇಕಾದೀತು. ಅವರು ಕೊಂಡುಕೊಂಡರೆ ನಿಮ್ಮ ಮುಂಗಡ ವಾಪಸ್ ಬರುತ್ತದೆ, ಹೋಗುವುದು ಸಮಯವಷ್ಟೇ.

ಡೀಡ್ ಕೌಂಟಿಯಲ್ಲಿ ನೋಂದಣಿಯಾದರೆ ಕೆಲಸ ಮುಗಿಯಿತು ಎಂದು ಕೂರಬೇಡಿ. ಅದರ ಪ್ರತಿ ರೆಸಾರ್ಟಿಗೆ ಹೋಗಿ, ಅವರ ಪುಸ್ತಕದಲ್ಲಿ ನಿಮ್ಮ ಹೆಸರು ಏರಿ, ಲಾಗಿನ್ ಸಿಗುವವರೆಗೆ ಬುಕಿಂಗ್ ಮಾಡಲಾಗದು. ಎಲ್ಲ ಸೇರಿ ಎರಡು ಮೂರು ತಿಂಗಳು. ಮುಂದಿನ ಬೇಸಿಗೆಗೆ ಬೇಕೆಂದರೆ ಅದರ ಹಿಂದಿನ ವರ್ಷದ ವಸಂತದಲ್ಲೇ ಹುಡುಕಾಟ ಶುರುಮಾಡಿ.

ಪ್ರಶ್ನೆ: ಬೀಚ್ ರೆಸಾರ್ಟುಗಳ ಫೀ ಬೇರೆಡೆಗಿಂತ ಬೇಗ ಏರುತ್ತದೆ ಎನ್ನುತ್ತಾರೆ, ನಿಜವೇ? — ಟ್ಯಾಂಪಾ

ಕಾರಣಗಳಂತೂ ಇವೆ. ಉಪ್ಪುಗಾಳಿಗೆ ಎಸಿಯ ಹೊರಭಾಗ, ಬಾಲ್ಕನಿಯ ಕಂಬಿ, ಲಿಫ್ಟಿನ ಭಾಗಗಳು ಬೇಗ ತುಕ್ಕು ಹಿಡಿಯುತ್ತವೆ. ಕಾಂಕ್ರೀಟಿನೊಳಗಿನ ಕಬ್ಬಿಣ ಉಬ್ಬಿ ಸಿಮೆಂಟು ಒಡೆಯುತ್ತದೆ. ವಿಮೆ ದುಬಾರಿ, ಮೇಲಾಗಿ ಬಿರುಗಾಳಿಯ ಹಾನಿಯಲ್ಲಿ ಮೊದಲ ಪಾಲನ್ನು ಮಾಲೀಕರೇ ಹೊರಬೇಕು, ಅದನ್ನು ಕಟ್ಟಡದ ವಿಮಾ ಮೌಲ್ಯದ ಶೇಕಡಾವಾರು ಲೆಕ್ಕದಲ್ಲಿ ಹಾಕುತ್ತಾರೆ. ಆ ಪಾಲು ಸ್ಪೆಷಲ್ ಅಸೆಸ್‌ಮೆಂಟ್ ಎಂಬ ಹೆಸರಿನಲ್ಲಿ ಎಲ್ಲರ ಮನೆಗೆ ಬಿಲ್ಲಾಗಿ ಬರುತ್ತದೆ. 2022ರ ಸೆಪ್ಟೆಂಬರಿನ ಇಯಾನ್ ಚಂಡಮಾರುತ ಫೋರ್ಟ್ ಮೈಯರ್ಸ್ ಬೀಚ್ ಮತ್ತು ಸ್ಯಾನಿಬೆಲ್ ದ್ವೀಪಕ್ಕೆ ಬಡಿದಾಗ ಆದದ್ದನ್ನು ಓದಿಕೊಂಡರೆ ಇದರ ಗಾತ್ರ ತಿಳಿಯುತ್ತದೆ. ಹವಾಯಿಯಲ್ಲಿ ತೆರಿಗೆಯ ಭಾರವೂ ಸೇರುತ್ತದೆ, ಮಾವಿ ಕೌಂಟಿಯಲ್ಲಿ ಟೈಮ್‌ಶೇರ್‌ಗಳಿಗೆಂದೇ ಪ್ರತ್ಯೇಕ ಆಸ್ತಿತೆರಿಗೆ ವರ್ಗವಿದೆ.

ಕೊಳ್ಳುವ ಮೊದಲು ಕೇಳಬೇಕಾದ್ದು: ಕಳೆದ 5 ವರ್ಷದ ಫೀ ಎಷ್ಟೆಷ್ಟು, ದುರಸ್ತಿ ನಿಧಿಯಲ್ಲಿ ಎಷ್ಟಿದೆ, ವಿಮೆಯಲ್ಲಿ ಮಾಲೀಕರ ಪಾಲು ಎಷ್ಟು, ಎಷ್ಟು ಜನ ಫೀ ಬಾಕಿ ಉಳಿಸಿಕೊಂಡಿದ್ದಾರೆ. ಬಾಕಿದಾರರು ಹೆಚ್ಚಾದಷ್ಟೂ ಉಳಿದವರ ಮೇಲೆ ಹೊರೆ. ಫೀ ತೀರಾ ಕಡಿಮೆ ಇದ್ದು ನಿಧಿ ಖಾಲಿಯಿದ್ದರೆ ಅದು ಒಳ್ಳೆಯ ಸುದ್ದಿಯಲ್ಲ.

ಪ್ರಶ್ನೆ: ಎಲ್ಲಾದರೂ ಅಗ್ಗದ ವಾರ ಕೊಂಡು, ಟೈಮ್‌ಶೇರ್ ವಾರಗಳ ವಿನಿಮಯ ಸಂಸ್ಥೆ ಆರ್‌ಸಿಐ ಮೂಲಕ ಹವಾಯಿಗೆ ಬದಲಾಯಿಸಿಕೊಳ್ಳಬಹುದೇ? — ಡಲ್ಲಸ್

ಅಕ್ಟೋಬರಿನ ಮಧ್ಯದಲ್ಲಿ, ಒಂದು ಬೆಡ್‌ರೂಮಿಗೆ, ದಿನಾಂಕದಲ್ಲಿ ಹಠವಿಲ್ಲದಿದ್ದರೆ ಸಾಧ್ಯ. ಕ್ರಿಸ್‌ಮಸ್‌ಗೆ ಮರೆತುಬಿಡಿ. ಆರ್‌ಸಿಐ ಇರಲಿ, ಇಂಟರ್‌ವಲ್ ಇಂಟರ್‌ನ್ಯಾಷನಲ್ ಇರಲಿ, ನೀವು ಕೊಡುವ ವಾರದ ಬೇಡಿಕೆ, ಮನೆಯ ಗಾತ್ರ, ಎಷ್ಟು ಮುಂಚೆ ಜಮಾ ಮಾಡಿದಿರಿ ಎಂಬುದರ ಮೇಲೆ ವಿನಿಮಯದ ಬಲ ನಿಂತಿದೆ. ಮೇಲೆ ಸದಸ್ಯತ್ವ ಶುಲ್ಕ, ಪ್ರತಿ ಬದಲಾವಣೆಗೂ ಬೇರೆ ಶುಲ್ಕ. ಎಲ್ಲಿ ಇರಬೇಕೆಂದಿದೆಯೋ ಅಲ್ಲೇ ಕೊಳ್ಳಿ, ಇಲ್ಲವೇ ಬಾಡಿಗೆಗೆ ಹಿಡಿಯಿರಿ.

ಪ್ರಶ್ನೆ: ನಮ್ಮ ಕಾಂಕೂನ್ ವಾರಕ್ಕೆ ಗಿರಾಕಿ ಸಿದ್ಧ, ತೆರಿಗೆಗೆ ಮೊದಲೇ 3,000 ಡಾಲರ್ ಕಳಿಸಿ ಎಂದು ಫೋನ್ ಬಂದಿದೆ. — ಹೂಸ್ಟನ್

ಕಳಿಸಬೇಡಿ. ಕೇಳದೆಯೇ ಬಂದ ಫೋನು, ಮಾರುಕಟ್ಟೆಗಿಂತ ಹೆಚ್ಚಿನ ಬೆಲೆ, ಮುಂಗಡ ತೆರಿಗೆ: ಮೂರೂ ಸೇರಿದರೆ ವಂಚನೆಯೇ. 2019ರಿಂದ 2023ರವರೆಗೆ ಅಮೆರಿಕದ ಸುಮಾರು 6,000 ಮಂದಿ ಮೆಕ್ಸಿಕೊದ ಟೈಮ್‌ಶೇರ್ ವಂಚನೆಗಳಲ್ಲಿ ಒಟ್ಟು 30 ಕೋಟಿ ಡಾಲರಿನಷ್ಟು ಕಳೆದುಕೊಂಡದ್ದಾಗಿ ಎಫ್‌ಬಿಐಗೆ ದೂರು ಕೊಟ್ಟಿದ್ದರು. ಒಮ್ಮೆ ಕೊಟ್ಟವರಿಗೆ "ಕಳೆದ ಹಣ ವಾಪಸ್ ಕೊಡಿಸುತ್ತೇವೆ" ಎಂದು ವಕೀಲರ ವೇಷದಲ್ಲಿ ಎರಡನೆಯ ಫೋನೂ ಬರುತ್ತದೆ. ನಿಜವಾದ ಮಾರಾಟದಲ್ಲಿ ಕಮಿಷನ್ ಮುರಿದುಕೊಳ್ಳುವುದು ನಿಮಗೆ ಹಣ ಕೈಸೇರುವಾಗ.

ಪ್ರಶ್ನೆ: ಇದು ಮಕ್ಕಳ ತಲೆಗೆ ಬರುತ್ತದೆಯೇ? — ಸ್ಯಾನ್ ಹೋಸೆ

ಡೀಡಿಗೆ ಅವಧಿಯಿಲ್ಲದಿದ್ದರೆ ವಾರಸುದಾರರಿಗೆ ಹೋಗುತ್ತದೆ, ಆದರೆ ಒಪ್ಪಿಕೊಳ್ಳಲೇಬೇಕೆಂದಿಲ್ಲ. ಬೇಡವಾದರೆ ಅವರು ಲಿಖಿತವಾಗಿ ನಿರಾಕರಿಸಬಹುದು. ಕೇಂದ್ರ ತೆರಿಗೆ ಕಾನೂನಿನ ಪ್ರಕಾರ ಅದಕ್ಕೆ ಮಾಲೀಕರು ತೀರಿಕೊಂಡ ದಿನದಿಂದ 9 ತಿಂಗಳ ಗಡುವು, ಅಷ್ಟರೊಳಗೆ ಒಂದು ವಾರವೂ ಅಲ್ಲಿ ಹೋಗಿ ಉಳಿದಿರಬಾರದು. ಮಕ್ಕಳ ಹೆಸರನ್ನು ಈಗಲೇ ಡೀಡಿನಲ್ಲಿ ಸೇರಿಸಿದರೆ ಈ ದಾರಿ ಮುಚ್ಚುತ್ತದೆ. "ಮಕ್ಕಳಿಗೂ ಆಸ್ತಿಯಾಗುತ್ತದೆ" ಎಂದು ಮಾರಾಟಗಾರರು ಹೇಳಿದರೂ ಸೇರಿಸಬೇಡಿ.