ಕೈಸಾಲಕ್ಕೆ ಪತ್ರವಿಲ್ಲದಿದ್ದರೆ: ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ಎರಡೂವರೆ ವರ್ಷದ ಹಿಂದೆ ಗೆಳೆಯರೊಬ್ಬರಿಗೆ ಎರಡು ಲಕ್ಷ ರೂಪಾಯಿ ಕೈಸಾಲ ಕೊಟ್ಟೆ. ಒಂದೂವರೆ ಲಕ್ಷ ಬ್ಯಾಂಕ್ ಖಾತೆಗೆ, ಉಳಿದದ್ದು ನಗದು. ವಾಪಸಿಗೆ ದಿನಾಂಕ ಗೊತ್ತುಮಾಡಿರಲಿಲ್ಲ, ಪತ್ರವೂ ಇಲ್ಲ. ಕೇಳಿದಾಗಲೆಲ್ಲ ‘ಕೊಡ್ತೀನಿ ಮಾರಾಯ, ಸ್ವಲ್ಪ ತಡಿ’ ಎಂದು ವಾಟ್ಸ್ಯಾಪ್ ಮಾಡುತ್ತಾರೆ. ಬಾಯಿಮಾತಿನ ಸಾಲ ಕೋರ್ಟಿನಲ್ಲಿ ನಿಲ್ಲುತ್ತದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಲ್ಲುತ್ತದೆ. 1872ರ ಭಾರತೀಯ ಕರಾರು ಕಾಯ್ದೆ ಪ್ರಕಾರ ವಯಸ್ಕರಿಬ್ಬರು ಒತ್ತಾಯ, ಮೋಸವಿಲ್ಲದೆ, ಪ್ರತಿಫಲಕ್ಕಾಗಿ (ಒಬ್ಬರು ಕೊಟ್ಟದ್ದಕ್ಕೆ ಇನ್ನೊಬ್ಬರು ಬದಲಿಗೆ ಏನಾದರೂ ಕೊಡುವುದು), ಕಾನೂನು ಒಪ್ಪುವ ಉದ್ದೇಶಕ್ಕೆ ಮಾಡಿಕೊಂಡ ಮಾತೂ ಕರಾರೇ. ಸಾಲದ ಮಾತು ಬರಹದಲ್ಲೇ ಇರಬೇಕೆಂದಿಲ್ಲ.

ನಿಮಗಿರುವ ಆತಂಕ ಬೇರೆ, ದಿನಗಳದ್ದು. ವಾಪಸಿನ ದಿನ ಗೊತ್ತುಮಾಡದ ಸಾಲಕ್ಕೆ ದಾವೆ ಹೂಡಲು ಮೂರು ವರ್ಷ ಅವಕಾಶ. ಆ ಲೆಕ್ಕ ಶುರುವಾಗುವುದು ಹಣ ಕೊಟ್ಟ ದಿನದಿಂದ. ಕೊನೆಯ ಸಲ ಕೇಳಿದ ದಿನದಿಂದ ಎಂದುಕೊಂಡು ಹಣ ಕಳೆದುಕೊಂಡವರು ಬಹಳ. ನಿಮಗೆ ಉಳಿದಿರುವುದು ಆರೇ ತಿಂಗಳು.

ಅಷ್ಟರೊಳಗೆ ಒಂದು ಹಾಳೆಯಲ್ಲಿ ‘ಇಂಥ ದಿನ ಪಡೆದ ಎರಡು ಲಕ್ಷ ರೂಪಾಯಿ ಬಾಕಿ ಇದೆ’ ಎಂದು ಬರೆಸಿ, ಅವರ ಸಹಿ, ದಿನಾಂಕ ಹಾಕಿಸಿಕೊಳ್ಳಿ. 1963ರ ಕಾಲಮಿತಿ ಕಾಯ್ದೆಯ 18ನೇ ಕಲಮಿನಂತೆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಮೂರು ವರ್ಷ ದಾಟಿದ ಮೇಲೆ ‘ಬಾಕಿ ಇದೆ’ ಎಂದಷ್ಟೇ ಬರೆದರೆ ಸಾಲದು. ‘ತೀರಿಸುತ್ತೇನೆ’ ಎಂಬ ಮಾತೇ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು.

ಬ್ಯಾಂಕ್ ದಾಖಲೆಯಿಂದ ಹಣ ಹೋದದ್ದು ಗೊತ್ತಾಗುತ್ತದೆ, ಅದು ಸಾಲವೆಂದು ಗೊತ್ತಾಗುವುದಿಲ್ಲ. ‘ಹಳೆಯ ಬಾಕಿ ತೀರಿಸಿದರು’ ಎಂದು ಅವರು ವಾದಿಸಬಹುದು. ಆದ್ದರಿಂದ ಮೊತ್ತ, ಕೊಟ್ಟ ದಿನ ಎರಡನ್ನೂ ಬರೆದು ವಾಟ್ಸ್ಯಾಪ್‌ನಲ್ಲಿ ಕೇಳಿ; ಅದಕ್ಕೆ ಬರುವ ‘ಹೌದು’ ಹತ್ತು ‘ತಡಿ’ಗಳಿಗಿಂತ ಮೇಲು. ಸಂದೇಶ ಅಳಿಸಬೇಡಿ, ಫೋನ್ ಮಾರಬೇಡಿ. ಕೋರ್ಟಿಗೆ ಅದನ್ನು ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಸಂದೇಶ ಯಾವ ಫೋನಿನಿಂದ ಹೇಗೆ ತೆಗೆದದ್ದೆಂದು ದೃಢಪಡಿಸುವ ಪ್ರಮಾಣಪತ್ರ ಬೇಕು.

ನಗದಿನ ಭಾಗವೇ ದುರ್ಬಲ. 20,000 ರೂ. ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಪೊಲೀಸ್ ಠಾಣೆಗೆ ಅಲೆಯಬೇಡಿ. ಸಾಲ ತೀರಿಸದಿರುವುದೊಂದೇ ವಂಚನೆಯಾಗದು. ‘ಸಿವಿಲ್ ಸ್ವರೂಪದ್ದು’ ಎಂದು ಹಿಂಬರಹ ಕೊಟ್ಟು ಕಳಿಸುತ್ತಾರೆ, ಅಷ್ಟರಲ್ಲಿ ನಿಮ್ಮ ಆರು ತಿಂಗಳು ಕರಗುತ್ತದೆ. ಬರೆದುಕೊಡಲು ಅವರು ಒಪ್ಪದಿದ್ದರೆ ವಕೀಲರ ನೋಟಿಸು, ಅವಧಿಯೊಳಗೇ ದಾವೆ.

ಪ್ರಶ್ನೆ: ಹೊಸದಾಗಿ ಸಾಲ ಕೊಡುವಾಗ ಪ್ರೋನೋಟು ಸಾಕೇ, ಚೆಕ್ಕೂ ಬೇಕೇ?
– ಓದುಗರೊಬ್ಬರು, ಗದಗ

ಉತ್ತರ: ಎರಡೂ ಇರಲಿ. ಪ್ರೋನೋಟಿಗೆ ರೆವಿನ್ಯೂ ಸ್ಟಾಂಪ್ ಅಂಟಿಸಿ, ಸಹಿ ಅದರ ಮೇಲೆ ಹಾಯುವಂತೆ ಹಾಕಿಸಿ. ಸ್ಟಾಂಪಿಲ್ಲದ ಪ್ರೋನೋಟನ್ನು ಆಮೇಲೆ ದಂಡ ಕಟ್ಟಿ ಸರಿಪಡಿಸಲಾಗದು. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು ಕೊಡಬೇಕು. ಅದು ತಲುಪಿದ 15 ದಿನದೊಳಗೆ ಹಣ ಬಾರದಿದ್ದರೆ, ಮುಂದಿನ ಒಂದು ತಿಂಗಳಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು.

ಪ್ರಶ್ನೆ: ಪರಿಚಯದವರೊಬ್ಬರು ಹತ್ತು ಜನರೆದುರು ಐದು ಗುಂಟೆ ಜಮೀನು ಉಚಿತವಾಗಿ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಕೇಳಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಕೇಳಬಹುದು, ಕೋರ್ಟಿನಿಂದ ಕೊಡಿಸಲಾಗದು. ಪ್ರತಿಫಲವಿಲ್ಲದ ಬಾಯಿಮಾತು ಕರಾರಲ್ಲ. ಜಮೀನಿನ ದಾನಕ್ಕೆ ಇಬ್ಬರು ಸಾಕ್ಷಿಗಳ ಸಹಿಯಿರುವ, ನೋಂದಣಿಯಾದ ದಾನಪತ್ರವೇ ಬೇಕು.